ಕರೆಂಟ್ ತಂತಿ ಹತ್ತಿರ ಎತ್ತರದ್ದು ಏನಾದರೂ ನಿಲ್ಲಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಕಡೆ ವೈರಿಂಗ್, ಲೈನ್ ಕೆಲಸ ಮಾಡುವ ಲೈಸೆನ್ಸ್ ಇರುವ ಕಂಟ್ರಾಕ್ಟರ್. ಮನೆ ಕಟ್ಟುವವರು, ತೋಟದವರು, ಜಾತ್ರೆ ಕಮಿಟಿಯವರು, ಬೋರ್ ಹೊಡೆಸುವವರು ಎಲ್ಲರೂ ಫೋನ್ ಮಾಡಿ ಕೇಳುವುದು ಒಂದೇ ಮಾತು: "ತಂತಿಯಿಂದ ಎಷ್ಟು ಅಡಿ ಬಿಟ್ಟರೆ ಸಾಕು?" ಅದಕ್ಕೆ ಒಂದೇ ಉತ್ತರ ಇಲ್ಲ. ಯಾವ ಲೈನ್, ಏನನ್ನು ನಿಲ್ಲಿಸುತ್ತೀರಿ, ಹೇಗೆ ಎತ್ತಿ ನಿಲ್ಲಿಸುತ್ತೀರಿ, ಈ ಮೂರೂ ಗೊತ್ತಾಗಬೇಕು. ಮೂರನೆಯದನ್ನು ಯಾರೂ ಹೇಳುವುದೇ ಇಲ್ಲ. ನಾನು ಹತ್ತಿರದಿಂದ ನೋಡಿದ ಅವಘಡಗಳಲ್ಲಿ ಹೆಚ್ಚಿನವು ಆಗಿದ್ದು ನೆಟ್ಟಗೆ ನಿಂತ ಕಂಬದಿಂದಲ್ಲ. ಎತ್ತುವಾಗ, ಇಲ್ಲ ಇಳಿಸುವಾಗ ಆಗಿದ್ದು.

ಮನೆ ಮುಂದಿನ ತಂತಿ ಎಲ್‌ಟಿನಾ, ಎಚ್‌ಟಿನಾ? ನೋಡಿದರೆ ಗೊತ್ತಾಗುತ್ತಾ?

ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಎಲ್‌ಟಿ ಅಂದರೆ ಕಡಿಮೆ ವೋಲ್ಟೇಜ್, ಎಚ್‌ಟಿ ಅಂದರೆ ಹೆಚ್ಚು ವೋಲ್ಟೇಜ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಹೊರಟು ಮನೆಮನೆಗೆ ಸರ್ವಿಸ್ ವೈರ್ ಕೊಡುವುದು ಎಲ್‌ಟಿ ಲೈನ್. ಅದರಲ್ಲಿ ಎರಡು ತಂತಿಗಳ ನಡುವೆ 400 ವೋಲ್ಟ್ ಆಸುಪಾಸು, ಒಂದು ತಂತಿಗೂ ನೆಲಕ್ಕೂ 230 ವೋಲ್ಟ್ ಆಸುಪಾಸು ಇರುತ್ತದೆ. ಸಾಮಾನ್ಯವಾಗಿ ನಾಲ್ಕೈದು ತಂತಿ, ಸಣ್ಣ ಪಿಂಗಾಣಿ ಬುಡ್ಡೆಗಳು. ಟಿಸಿಗೆ ಮೇಲಿನಿಂದ ಬಂದು ಸೇರುವ ಮೂರು ತಂತಿ 11 ಕೆವಿ ಎಚ್‌ಟಿ, ಅಂದರೆ 11 ಸಾವಿರ ವೋಲ್ಟ್. ಇದರ ಪಿಂಗಾಣಿ ದಪ್ಪ ಇರುತ್ತದೆ. ಪಿಂಗಾಣಿ ತಟ್ಟೆಗಳು ಮಾಲೆ ಹಾಗೆ ಉದ್ದಕ್ಕೆ ಇಳಿಬಿದ್ದಿದ್ದು, ಕಬ್ಬಿಣದ ಟವರ್ ಇದ್ದರೆ ಅದು ಪ್ರಸರಣದ ಲೈನ್. ನಮ್ಮ ರಾಜ್ಯದಲ್ಲಿ ಅದು ಹೆಚ್ಚಾಗಿ 66, 110, 220 ಇಲ್ಲವೇ 400 ಕೆವಿ ಇರುತ್ತದೆ. ತಟ್ಟೆ ಜಾಸ್ತಿ ಇದ್ದಷ್ಟೂ ವೋಲ್ಟೇಜ್ ಜಾಸ್ತಿ.

ಒಂದು ತೊಡಕು ಇದೆ. ಎಷ್ಟೋ ಕಡೆ ಒಂದೇ ಕಂಬದಲ್ಲಿ ಮೇಲೆ 11 ಕೆವಿ, ಕೆಳಗೆ ಎಲ್‌ಟಿ ಇರುತ್ತದೆ. ಕೆಳಗಿನದನ್ನು ಮಾತ್ರ ನೋಡಿ "ಇದು ಮನೆ ಲೈನ್" ಅಂದುಕೊಂಡು ಮೇಲಿನದನ್ನು ಮರೆಯುತ್ತಾರೆ. ಸ್ವಲ್ಪ ಅನುಮಾನ ಬಂದರೂ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಉತ್ತರ ಸಿಗುವವರೆಗೆ ಅದನ್ನು ಎಚ್‌ಟಿ ಅಂತಲೇ ತಿಳಿಯಿರಿ.

ಕಟ್ಟಡಕ್ಕೂ ತಂತಿಗೂ ಕಾನೂನು ಪ್ರಕಾರ ಎಷ್ಟು ಅಂತರ ಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮ ಹೊರಡಿಸಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಕಟ್ಟಡದ ಅಂತರದ ಲೆಕ್ಕ ಹೀಗಿದೆ.

ಎಲ್‌ಟಿ ಲೈನ್ ಮನೆ ಮೇಲೆ ಹಾದರೆ ತಾರಸಿಯ ಅತಿ ಎತ್ತರದ ಭಾಗದಿಂದ ಮೇಲಕ್ಕೆ 2.5 ಮೀಟರ್. ಪಕ್ಕದಲ್ಲಿ ಹಾದರೆ ಅಡ್ಡಕ್ಕೆ 1.2 ಮೀಟರ್, ಅಂದರೆ ನಾಲ್ಕು ಅಡಿ.

11 ಕೆವಿಗೆ ಮೇಲಕ್ಕೆ 3.7 ಮೀಟರ್, ಅಡ್ಡಕ್ಕೆ 1.2 ಮೀಟರ್. 33 ಕೆವಿಗೆ ಮೇಲಕ್ಕೆ ಅದೇ 3.7, ಅಡ್ಡಕ್ಕೆ 2 ಮೀಟರ್.

33 ಕೆವಿ ದಾಟಿದರೆ ಪ್ರತಿ 33 ಕೆವಿಗೆ, ಅದರ ಒಂದು ತುಂಡು ಬಂದರೂ ಸರಿ, ಎರಡೂ ಕಡೆ 0.3 ಮೀಟರ್ ಸೇರಿಸಬೇಕು. ಹಾಗೆ ಲೆಕ್ಕ ಹಾಕಿದರೆ 66 ಕೆವಿಗೆ ಮೇಲಕ್ಕೆ 4, ಅಡ್ಡಕ್ಕೆ 2.3 ಮೀಟರ್. 110 ಕೆವಿಗೆ 4.6 ಮತ್ತು 2.9. 220 ಕೆವಿಗೆ 5.5 ಮತ್ತು 3.8 ಮೀಟರ್.

ಇದು ಕನಿಷ್ಠ. ಇಷ್ಟು ಬಿಟ್ಟರೆ ಕಾನೂನು ಒಪ್ಪುತ್ತದೆ ಅಂತ ಮಾತ್ರ ಅರ್ಥ. 11 ಕೆವಿಯ 1.2 ಮೀಟರ್ ನೋಡಿ. ಬಾಲ್ಕನಿಯಲ್ಲಿ ನಿಂತು ಕೈ ಚಾಚಿ, ಆ ಕೈಯಲ್ಲಿ ಒಂದು ಜೇಡದ ಬಲೆ ತೆಗೆಯುವ ಕೋಲು ಇದ್ದರೆ ಆ ಅಂತರ ಮುಗಿದೇ ಹೋಯಿತು. ಮನೆ ಕಟ್ಟುವವರಿಗೆ ನಾನು ಯಾವಾಗಲೂ ಹೇಳುವುದು, ಕಾನೂನಿನ ಲೆಕ್ಕದ ಎರಡರಷ್ಟು ಬಿಡಿ, ಲೈನ್ ಇರುವ ಕಡೆಗೆ ಬಾಲ್ಕನಿಯನ್ನೇ ಇಡಬೇಡಿ ಅಂತ.

ಅಳತೆ ಎಲ್ಲಿಂದ ಎಲ್ಲಿಗೆ? ಗೋಡೆಯಿಂದಲಾ?

ಗೋಡೆಯಿಂದ ಅಲ್ಲ. ತಂತಿಗೆ ಅತಿ ಹತ್ತಿರ ಬರುವ ಭಾಗದಿಂದ. ಅದು ಸಜ್ಜಾ ಇರಬಹುದು, ಪ್ಯಾರಾಪೆಟ್ ಇರಬಹುದು, ಶೀಟಿನ ಅಂಚು ಇರಬಹುದು. ಪ್ಲಾನಿನಲ್ಲಿ ಗೋಡೆ ಸರಿಯಾಗಿರುತ್ತದೆ, ಕಟ್ಟುವಾಗ ಎರಡಡಿ ಸಜ್ಜಾ ಹೊರಗೆ ಬರುತ್ತದೆ. ಅಲ್ಲೇ ಅರ್ಧ ಅಂತರ ಹೋಗುತ್ತದೆ.

ತಂತಿ ಕಡೆಯಿಂದಲೂ ಒಂದು ಲೆಕ್ಕ ಇದೆ. ತಂತಿ ಒಂದೇ ಜಾಗದಲ್ಲಿ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ, ಬಿಸಿಲು ಮೇಲಿದ್ದು ಪಂಪ್‌ಸೆಟ್‌ಗಳೆಲ್ಲ ಓಡುವಾಗ ತಂತಿ ಕಾದು ಉದ್ದವಾಗುತ್ತದೆ. ಅರವತ್ತು ಮೀಟರ್ ದೂರದ ಎರಡು ಕಂಬಗಳ ನಡುವೆ ತಂತಿ ಮೂರೇ ಮೂರು ಸೆಂಟಿಮೀಟರ್ ಉದ್ದವಾದರೂ ನಡುಭಾಗ ಒಂದಡಿಗಿಂತ ಜಾಸ್ತಿ ಕೆಳಗೆ ಜೋಲಬಹುದು. ಗಾಳಿ ಬಂದರೆ ಅದೇ ಜೋಲು ಉಯ್ಯಾಲೆ ಹಾಗೆ ಪಕ್ಕಕ್ಕೆ ಬರುತ್ತದೆ. ಅದಕ್ಕೇ ನಿಯಮದಲ್ಲಿ ಮೇಲಿನ ಅಂತರವನ್ನು ತಂತಿ ಅತಿ ಹೆಚ್ಚು ಜೋತಾಗಿನ ಲೆಕ್ಕದಲ್ಲಿ, ಅಡ್ಡ ಅಂತರವನ್ನು ಗಾಳಿಗೆ ಅತಿ ಹೆಚ್ಚು ಸರಿದಾಗಿನ ಲೆಕ್ಕದಲ್ಲಿ ನೋಡಬೇಕು ಅಂತ ಬರೆದಿದ್ದಾರೆ. ಡಿಸೆಂಬರ್ ಬೆಳಗ್ಗೆ ಚಳಿಯಲ್ಲಿ ನೋಡಿ "ಸಾಕಷ್ಟು ಜಾಗ ಇದೆ" ಅಂತ ತೀರ್ಮಾನ ಮಾಡಬೇಡಿ.

ತಂತಿ ಎಷ್ಟು ಎತ್ತರ ಇದೆ ಅಂತ ಮುಟ್ಟದೆ ಅಳೆಯುವುದು ಹೇಗೆ?

ಟೇಪು, ಬಿದಿರು, ಪೈಪು ಯಾವುದನ್ನೂ ಮೇಲಕ್ಕೆ ಹಿಡಿಯಬೇಡಿ. ಶಾಲೆಯ ಮಕ್ಕಳ ಲೆಕ್ಕ ಸಾಕು.

ಚೌಕದ ರಟ್ಟು ಒಂದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಓರೆ ಅಂಚು 45 ಡಿಗ್ರಿ ಆಯಿತು. ನೆಟ್ಟಗಿನ ಅಂಚಿಗೆ ಒಂದು ದಾರ, ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ. ದಾರ ಅಂಚಿಗೆ ಒರಗಿ ನೇರ ಇಳಿದರೆ ರಟ್ಟು ಸಮ ಇದೆ ಅಂತ. ಈಗ ಅದನ್ನು ಕಣ್ಣಿನ ಹತ್ತಿರ ಹಿಡಿದು, ಲೈನಿಗೆ ಅಡ್ಡವಾಗಿ ನೇರ ಹಿಂದಕ್ಕೆ ನಡೆಯುತ್ತಾ ಹೋಗಿ. ಓರೆ ಅಂಚಿನ ಗುರಿಯಲ್ಲಿ ತಂತಿ ಕಂಡ ಕೂಡಲೇ ನಿಲ್ಲಿ. ನಿಮ್ಮ ಕಾಲಿನಿಂದ ತಂತಿಯ ನೇರ ಕೆಳಗಿನ ನೆಲದವರೆಗೆ ಟೇಪು ಹಿಡಿದು ಅಳೆಯಿರಿ. 16 ಅಡಿ ಬಂತು, ನಿಮ್ಮ ಕಣ್ಣು ನೆಲದಿಂದ 5 ಅಡಿ ಇದೆ ಅಂದರೆ ತಂತಿ 21 ಅಡಿ ಎತ್ತರದಲ್ಲಿದೆ. ನೆಲ ಸಮತಟ್ಟಾಗಿರಬೇಕು ಅಷ್ಟೆ. ಅಂಗೈ ಅಗಲದ ರಟ್ಟಿನಿಂದ ಅರ್ಧ ಅಡಿ ಆಚೀಚೆ ಬರಬಹುದು. ಆ ಅರ್ಧ ಅಡಿಯ ಮೇಲೆ ನಿಮ್ಮ ಕೆಲಸ ನಿಂತಿದ್ದರೆ ಆ ಜಾಗವೇ ಸರಿ ಇಲ್ಲ.

ಹೋಲಿಸಿ ನೋಡಲು ಹೇಳುತ್ತೇನೆ. ರಸ್ತೆ ದಾಟುವ ಎಲ್‌ಟಿ ತಂತಿ ನೆಲದಿಂದ 5.8 ಮೀಟರ್, 11 ಕೆವಿ ತಂತಿ 6.1 ಮೀಟರ್ ಎತ್ತರದಲ್ಲಿ ಇರಬೇಕು. ಹೊಲ, ತೋಟದಲ್ಲಿ 11 ಕೆವಿವರೆಗಿನ ಬರಿ ತಂತಿಗೆ 4.6 ಮೀಟರ್ ಇದ್ದರೂ ನಿಯಮ ಒಪ್ಪುತ್ತದೆ. ಅಂದರೆ 15 ಅಡಿ ಮಾತ್ರ. ಹುಲ್ಲು ತುಂಬಿದ ಲಾರಿ ಮೇಲೆ ಆಳು ನಿಂತರೆ ತಲೆ ಎಲ್ಲಿಗೆ ಬರುತ್ತದೆ ನೀವೇ ನೋಡಿ. ರಸ್ತೆಗೆ ಡಾಂಬರು ಮೇಲೆ ಡಾಂಬರು ಹಾಕಿ ನೆಲ ಏರಿದ ಕಡೆ ಮೊದಲಿನ ಎತ್ತರವೂ ಉಳಿದಿರುವುದಿಲ್ಲ.

11 ಕೆವಿಗೆ ನಾಲ್ಕಡಿ ಸಾಕು ಅಂದಿರಿ. ಹಾಗಾದರೆ ತಂತಿಯಿಂದ ಐದಡಿ ದೂರದಲ್ಲಿ 30 ಅಡಿ ಕಂಬ ನಿಲ್ಲಿಸಬಹುದಲ್ವಾ?

ದಯವಿಟ್ಟು ಬೇಡ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಆ ನಾಲ್ಕಡಿ ಲೆಕ್ಕ ಕದಲದ ಕಟ್ಟಡಕ್ಕೆ. ಕಂಬ ಕಟ್ಟಡದ ಹಾಗಲ್ಲ. ಅದು ಬೀಳುತ್ತದೆ, ವಾಲುತ್ತದೆ. ಅದಕ್ಕಿಂತ ಮುಖ್ಯ, ಅದನ್ನು ಮಲಗಿಸಿದ ಜಾಗದಿಂದ ಎತ್ತಬೇಕು. 30 ಅಡಿ ಜಿಐ ಪೈಪನ್ನು ನಾಲ್ಕು ಜನ ಬುಡ ಒತ್ತಿ ಹಿಡಿದು ಎತ್ತುವುದನ್ನು ನೋಡಿದ್ದೀರಲ್ಲ. ಅರ್ಧಕ್ಕೆ ಬರುವವರೆಗೆ ಸುಲಭ. ಮುಕ್ಕಾಲು ನೆಟ್ಟಗಾದ ಮೇಲೆ ತುದಿ ತೂಗುವುದಕ್ಕೆ ಶುರುವಾಗುತ್ತದೆ. ಬುಡದಲ್ಲಿ ಒಂದು ಅಂಗುಲ ಸರಿದರೆ ತುದಿ ಎರಡು ಮೂರು ಅಡಿ ಓಡುತ್ತದೆ. ಕೆಳಗೆ ಹಿಡಿದವರೆಲ್ಲ ಬುಡ ನೋಡುತ್ತಿರುತ್ತಾರೆ. ತುದಿ ನೋಡುವವರು ಯಾರೂ ಇರುವುದಿಲ್ಲ.

ಅದಕ್ಕೆ ನಾನು ಪಾಲಿಸುವ ಲೆಕ್ಕ ಇದು: ಕಂಬ ಪೂರ್ತಿ ಉದ್ದಕ್ಕೆ ಲೈನ್ ಕಡೆಗೆ ಬಿದ್ದರೂ ತುದಿಗೂ ತಂತಿಗೂ ನಡುವೆ ಹತ್ತಡಿ ಉಳಿಯಬೇಕು. 30 ಅಡಿ ಕಂಬಕ್ಕೆ 40 ಅಡಿ ದೂರ. ತಂತಿ ಎತ್ತರದಲ್ಲಿದೆ, ಕಂಬ ನೆಲಕ್ಕೆ ಬೀಳುತ್ತದೆ, ಅಷ್ಟೆಲ್ಲ ಯಾಕೆ ಅಂತ ಕೇಳುತ್ತಾರೆ. ಬೀಳುವ ದಾರಿಯಲ್ಲಿ ತುದಿ ತಂತಿಯ ಎತ್ತರವನ್ನು ದಾಟಿಯೇ ಕೆಳಗೆ ಬರಬೇಕು. ಸೂಕ್ಷ್ಮ ಲೆಕ್ಕ ಹಾಕಿದರೆ ಸ್ವಲ್ಪ ಕಡಿಮೆ ದೂರವೂ ಸಾಲಬಹುದು. ಆದರೆ ಅಂಗಳದಲ್ಲಿ ನಿಂತು ಅಷ್ಟು ಸೂಕ್ಷ್ಮ ಯಾರೂ ನೋಡುವುದಿಲ್ಲ. ಉದ್ದ ಮತ್ತು ಹತ್ತಡಿ, ಇದು ನೆನಪಿಡಲು ಸುಲಭ. ಹತ್ತಡಿ ನನ್ನ ಕಲ್ಪನೆಯದ್ದೂ ಅಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ 50 ಕೆವಿವರೆಗಿನ ಲೈನ್ ಹತ್ತಿರ ಕ್ರೇನ್ ಕೆಲಸಕ್ಕೆ ಇಟ್ಟಿರುವ ಕನಿಷ್ಠ ಅಂತರ ಅದೇ. ವೋಲ್ಟೇಜ್ ಏರಿದರೆ ಅಲ್ಲೂ ಅಂತರ ಏರುತ್ತದೆ.

ಬಾವುಟದ ಕಂಬ, ವೈಫೈ ಆಂಟೆನಾ, ಗಾಳಿಯ ವೇಗ ಅಳೆಯುವ ಕಂಬ, ಸಿಸಿ ಕ್ಯಾಮೆರಾ ಕಂಬ, ಅಂಗಳದ ಲೈಟ್ ಕಂಬ ಎಲ್ಲಕ್ಕೂ ಇದೇ ಲೆಕ್ಕ. ಅಷ್ಟು ಜಾಗ ಇಲ್ಲ ಅಂದರೆ ಕಂಬದ ಉದ್ದ ಕಡಿಮೆ ಮಾಡಿ, ಇಲ್ಲ ಎತ್ತುವ ದಿನ ಲೈನ್ ಆಫ್ ಮಾಡಿಸಿ. ಕಂಬ ವಾಲದ ಹಾಗೆ ಎಳೆದು ಕಟ್ಟುವ ಗಾಯ್ ತಂತಿಯನ್ನು ಲೈನಿನ ಕೆಳಗೆ ಹಾಯಿಸಬೇಡಿ. ಅದು ತುಂಡಾದರೆ ಚಿಮ್ಮಿ ಮೇಲಕ್ಕೆ ಹಾರುತ್ತದೆ.

11 ಕೆವಿ ಗಾಳಿಯಲ್ಲಿ ಜಿಗಿದು ಬರುತ್ತಾ?

ಬಹಳ ದೂರ ಬರುವುದಿಲ್ಲ. ಒಂದೆರಡು ಸೆಂಟಿಮೀಟರ್ ಅಷ್ಟೆ. ಆದರೆ ಕೈಯಲ್ಲಿರುವ ಕೋಲು ಅಷ್ಟು ಹತ್ತಿರ ಬಂದದ್ದು 20 ಅಡಿ ಕೆಳಗಿರುವವರಿಗೆ ಕಾಣುವುದಿಲ್ಲ. 220 ಕೆವಿ ಲೈನ್‌ಗಳ ಮಾತೇ ಬೇರೆ. ಅಲ್ಲಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೇ ಸಾಕು ಹೊಡೆಯುತ್ತದೆ.

ಅಡಿಕೆ ಕೊನೆ ತೆಗೆಯುವ ದೋಟಿಗೆ ಎಷ್ಟು ಅಂತರ?

ಈ ಪ್ರಶ್ನೆಗೆ ಉದ್ದವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಈಗ ಮನೆಮನೆಯಲ್ಲೂ ದೋಟಿ ಇದೆ.

ಮೊದಲು ಕೊನೆಗಾರ ಮರ ಹತ್ತುತ್ತಿದ್ದ. ಹತ್ತಿದವನಿಗೆ ತಂತಿ ಕಣ್ಣೆದುರೇ ಇರುತ್ತಿತ್ತು. ಈಗ ನೆಲದ ಮೇಲೆ ನಿಂತು 50, 60 ಅಡಿ ಉದ್ದದ ದೋಟಿ ಎತ್ತುತ್ತೇವೆ. ಕೊನೆ ತೆಗೆಯುವುದಕ್ಕೂ ಅದೇ, ಮಳೆಗಾಲದಲ್ಲಿ ಮದ್ದು ಹೊಡೆಯುವುದಕ್ಕೂ ಅದೇ. ಅಲ್ಯೂಮಿನಿಯಂ ದೋಟಿ ಕರೆಂಟ್ ಹರಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿ ಕೈಗೆ ಹಗುರ, ಕಪ್ಪಗೆ, ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಹಾಗಾಗಿ ಶಾಕ್ ಹೊಡೆಯುವುದಿಲ್ಲ ಅಂತ ನಂಬಿದವರು ಇದ್ದಾರೆ. ಕಾರ್ಬನ್ ಕರೆಂಟ್ ಹರಿಸುತ್ತದೆ. ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿ ಕಾರ್ಬನ್ನಿನದೇ ಅಲ್ವಾ? 11 ಕೆವಿಗೆ ಕಾರ್ಬನ್ ಫೈಬರ್ ದೋಟಿ ಲೋಹದ ಕೋಲಿನಷ್ಟೇ ಅಪಾಯ. ಹಿಡಿಕೆಗೆ ಸುತ್ತಿದ ರಬ್ಬರ್ ಜಾರದಿರಲಿ ಅಂತ ಇರುವುದು, ಕರೆಂಟ್ ತಡೆಯಲಿ ಅಂತ ಅಲ್ಲ.

ಲೈನಿಗೆ ತಾಗಿದ ಒಂದು ದೋಟಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ದೊಡ್ಡ ಸುಟ್ಟ ಗಾಯ ಇರುತ್ತದೆ ಅಂದುಕೊಂಡಿದ್ದೆ. ತುದಿಯಲ್ಲಿ ಕಾಳುಮೆಣಸಿನಷ್ಟು ಒಂದು ಗುಳಿ, ಅದರ ಸುತ್ತ ಎಳೆಗಳು ಬಿಚ್ಚಿಕೊಂಡು ಬೂದಿ ಬಣ್ಣ. ಅಷ್ಟೆ. ಹಿಡಿಕೆಯಲ್ಲಿ ಏನೂ ಗುರುತಿಲ್ಲ. ಹಿಡಿದಿದ್ದವರ ಅಂಗೈಯಲ್ಲಿ ಮತ್ತು ಒಂದು ಹಿಮ್ಮಡಿಯಲ್ಲಿ ಗುರುತು ಇತ್ತು. ಅವರು ಬದುಕಿದರು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಅಂತರದ ಲೆಕ್ಕ ಕಂಬದ್ದೇ: ದೋಟಿಯ ಪೂರ್ತಿ ಉದ್ದ ಮತ್ತು ಹತ್ತಡಿ. 60 ಅಡಿ ದೋಟಿ ಬಿಚ್ಚಿದರೆ ಲೈನಿನಿಂದ 70 ಅಡಿ. ಅಷ್ಟರ ಒಳಗಿನ ಮರಗಳಿಗೆ ಲೈನ್ ಆಫ್ ಮಾಡಿಸಿಯೇ ಕೊನೆ ತೆಗೆಯಬೇಕು. ನಾನು ತೋಟದವರಿಗೆ ಹೇಳುವ ಉಪಾಯ ಒಂದಿದೆ. ಸೀಸನ್ ಶುರುವಾಗುವ ಮುಂಚೆ ಲೈನಿನಿಂದ 70 ಅಡಿ ಅಳೆದು, ಅದರೊಳಗಿನ ಎಲ್ಲ ಮರಗಳಿಗೂ ಎದೆ ಎತ್ತರದಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿಯಿರಿ. ಹೊಸ ಕೆಲಸದವರು ಬಂದರೂ ಹೇಳುವುದು ಸುಲಭ: ಕೆಂಪು ಪಟ್ಟಿ ಮರ ಇವತ್ತು ಮುಟ್ಟಬೇಡಿ. ಎಲ್ಲ ಕೆಂಪು ಮರಗಳನ್ನೂ ಒಂದೇ ದಿನ, ಲೈನ್ ಆಫ್ ಮಾಡಿಸಿ ಮುಗಿಸಿ.

ಇನ್ನೊಂದು ಮಾತು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ದೋಟಿಯನ್ನು ನೆಟ್ಟಗೆ ಹಿಡಿದುಕೊಂಡೇ ನಡೆಯುತ್ತೇವೆ. ಕಣ್ಣು ಮುಂದಿನ ಮರದ ಗೊನೆ ಮೇಲೆ ಇರುತ್ತದೆ. ಲೈನ್ ಹಾದ ತೋಟದಲ್ಲಿ ಮಡಚಿಯೇ ನಡೆಯಬೇಕು. ಬೋರ್ಡೋ ಮದ್ದು ಹೊಡೆಯುವಾಗ ಪೈಪಿನೊಳಗೆ ಮದ್ದಿನ ನೀರು ತುಂಬಿರುತ್ತದೆ, ಮೈ ಒದ್ದೆ, ನೆಲ ಒದ್ದೆ. ಆಗ ಅಪಾಯ ಇನ್ನೂ ಜಾಸ್ತಿ.

ಬೋರ್‌ವೆಲ್ ಲಾರಿ ತಂತಿ ಕೆಳಗೆ ನಿಲ್ಲಿಸಬಹುದಾ?

ಬೇಡ. ರಿಗ್‌ನ, ಅಂದರೆ ಬೋರ್ ಲಾರಿಯ, ಮಾಸ್ಟ್ (ಎತ್ತರದ ಕಬ್ಬಿಣದ ಚೌಕಟ್ಟು) ಎದ್ದು ನಿಂತರೆ ತಂತಿಯ ಎತ್ತರವನ್ನು ಸುಲಭವಾಗಿ ಮೀರುತ್ತದೆ. ನೀರಿನ ಪಾಯಿಂಟ್ ಲೈನ್ ಕೆಳಗೇ ಬಂತು ಅಂತ ಹಟ ಮಾಡಬೇಡಿ. ಇವತ್ತು ಹೇಗೋ ಹೊಡೆಸಿದರೂ ಮುಂದೆ ಮೋಟಾರ್ ಕೆಟ್ಟಾಗಲೆಲ್ಲ ಅದೇ ಜಾಗದಲ್ಲಿ 20 ಅಡಿ ಪೈಪುಗಳನ್ನು ಒಂದೊಂದಾಗಿ ನೆಟ್ಟಗೆ ಎಳೆಯಬೇಕು. ಜಿಐ ಪೈಪು, ಟ್ರೈಪಾಡ್, ಚೈನ್ ಬ್ಲಾಕ್, ಎಲ್ಲ ಕಬ್ಬಿಣ.

ನನ್ನ ಕಣ್ಣೆದುರೇ ಒಮ್ಮೆ ಹೀಗಾಯಿತು. ಪಂಪ್ ಎತ್ತುತ್ತಿದ್ದರು. ಹನ್ನೊಂದು ಪೈಪು ತೆಗೆದಾಗಿತ್ತು. ಹನ್ನೆರಡನೆಯದು ಬಿಗಿಯಾಗಿತ್ತು. ರೆಂಚು ಹಾಕಿ ಜಗ್ಗಿದಾಗ ಒಮ್ಮೆಲೇ ಸಡಿಲವಾಗಿ ಪೈಪಿನ ತಲೆ ಎಲ್‌ಟಿ ಲೈನ್ ಕಡೆ ವಾಲಿತು. ಹಗ್ಗ ಹಿಡಿದಿದ್ದ ಹುಡುಗ ಹಿಂದಕ್ಕೆ ಜಗ್ಗಿ ಉಳಿಸಿದ. ಒಂದು ಮೊಳ ಜಾಗ ಉಳಿದಿತ್ತು. ಆ ದಿನ ಹೋಗಿ ಲೈನ್ ಆಫ್ ಮಾಡಿಸಿ ಅಂತ ಹೇಳಬೇಕಿದ್ದವನು ನಾನು. ಅರ್ಧ ಗಂಟೆ ಕೆಲಸ ಅಂತ ಸುಮ್ಮನಿದ್ದೆ. ಆಮೇಲಿಂದ ಒಂದೂ ಕಡೆ ಹಾಗೆ ಬಿಟ್ಟಿಲ್ಲ.

ಫ್ಲೆಕ್ಸ್, ಕಟೌಟ್, ಪೆಂಡಾಲ್, ತೇರಿಗೆ ಏನು ನಿಯಮ?

ಲೆಕ್ಕ ಅದೇ, ಅಪಾಯ ಜಾಸ್ತಿ. ಯಾಕೆಂದರೆ ಇವನ್ನು ರಾತ್ರಿ ಹೊತ್ತು, ಅವಸರದಲ್ಲಿ, ಹುಡುಗರು ನಿಲ್ಲಿಸುತ್ತಾರೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಅದು ಕರೆಂಟ್ ತಂತಿಗೆ ತಾಗಿ ಮೂವರು ಯುವಕರು ತೀರಿಕೊಂಡರು. ಫ್ಲೆಕ್ಸ್ ಬಟ್ಟೆ ಹಾಗೆ ಕಾಣುತ್ತದೆ, ಒಳಗಿರುವುದು ಕಬ್ಬಿಣದ ಫ್ರೇಮು. ಅಗಲ ಇರುವುದರಿಂದ ಗಾಳಿಗೆ ಹಾಯಿಯ ಹಾಗೆ ಎಳೆಯುತ್ತದೆ. ಹಿಡಿದವರು ಬಿಡುವುದಿಲ್ಲ, ಬಿಟ್ಟರೆ ಪಕ್ಕದವನ ಮೇಲೆ ಬೀಳುತ್ತದೆ ಅಂತ. ಹಾಗಾಗಿ ಒಂದೇ ಸಲಕ್ಕೆ ಎಲ್ಲರಿಗೂ ಹೊಡೆಯುತ್ತದೆ.

ತೇರಿನದ್ದೂ ಹೀಗೆಯೇ. 2022ರ ಏಪ್ರಿಲ್ 27ರ ಬೆಳಗಿನ ಜಾವ ತಮಿಳುನಾಡಿನ ತಂಜಾವೂರು ಜಿಲ್ಲೆಯ ಕಳಿಮೇಡಿನಲ್ಲಿ ದೇವರ ರಥ ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು. ತೇರು ಎಳೆಯುವ ದಾರಿಯನ್ನು ಜಾತ್ರೆಗೆ ಒಂದು ವಾರ ಮುಂಚೆ ನಡೆದು ನೋಡಿ. ಪ್ರತಿ ತಂತಿಯ ಎತ್ತರ ಬರೆದುಕೊಳ್ಳಿ. ತೇರಿನ ಎತ್ತರ ಅಳೆಯುವಾಗ ಕಳಶ, ಬಾವುಟ, ಈ ವರ್ಷ ಹೊಸದಾಗಿ ಹಾಕಿದ ಸೀರಿಯಲ್ ಲೈಟಿನ ಫ್ರೇಮು, ಎಲ್ಲ ಸೇರಿಸಿ. ತಿರುವಿನಲ್ಲಿ ತೇರು ವಾಲುತ್ತದೆ, ಗುಂಡಿಗೆ ಚಕ್ರ ಇಳಿದರೂ ವಾಲುತ್ತದೆ. ಎಷ್ಟೋ ಊರುಗಳಲ್ಲಿ ತೇರಿನ ದಿನ ಲೈನ್‌ಮನ್‌ಗಳು ತಂತಿ ಬಿಚ್ಚಿ, ತೇರು ಹೋದ ಮೇಲೆ ಮತ್ತೆ ಕಟ್ಟುತ್ತಾರೆ. ಅದು ಒಳ್ಳೆಯ ಪದ್ಧತಿ. ಕಮಿಟಿಯವರು ಮುಂಚೆಯೇ ಅರ್ಜಿ ಕೊಡಬೇಕು.

ತಂತಿಗೆ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದರೆ ಆಗುವುದಿಲ್ವಾ?

ಬಾಲ್ಕನಿ ಪಕ್ಕದ ತಂತಿಗೆ ಸೀಳಿದ ಪಿವಿಸಿ ಪೈಪ್ ಹಾಕಿದ್ದನ್ನು ನೀವೂ ನೋಡಿರಬಹುದು. ಬಿಸಿಲಿಗೆ ಅದು ಸೀಳುತ್ತದೆ, ಒಳಗೆ ನೀರು ನಿಲ್ಲುತ್ತದೆ. 11 ಕೆವಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಅದರ ಬದಲು ಎಲ್‌ಟಿ ಲೈನ್ ಇದ್ದರೆ ಆ ಭಾಗಕ್ಕೆ ಎಬಿ ಕೇಬಲ್ ಹಾಕಿಸಲು ಅರ್ಜಿ ಕೊಡಿ. ಅದು ಹೊದಿಕೆ ಇರುವ ತಂತಿಗಳನ್ನು ಹುರಿ ಹಾಗೆ ಹೊಸೆದ ಕೇಬಲ್. ಅದು ಬಂದ ಮೇಲೂ ಅದಕ್ಕೆ ಬಟ್ಟೆ ಹಾಕಬೇಡಿ, ಕೊಕ್ಕೆ ಹಾಕಬೇಡಿ.

ಒಣ ಬಿದಿರು, ಮರದ ಏಣಿ, ರಬ್ಬರ್ ಚಪ್ಪಲಿ ಇದ್ದರೆ?

ಪೂರ್ತಿ ಒಣಗಿದ ಬಿದಿರು ಅಪರೂಪ. ಬೆಳಗಿನ ಇಬ್ಬನಿ ಸಾಕು, ಬೆವರಿನ ಕೈ ಸಾಕು. 11 ಕೆವಿ ಮುಂದೆ ಚಪ್ಪಲಿಯ ರಬ್ಬರ್ ನಂಬುವ ಹಾಗಿಲ್ಲ. ಲೈನ್‌ಮನ್‌ಗಳು ಬಳಸುವ ರಾಡ್, ಗ್ಲೌಸ್ ಪರೀಕ್ಷೆ ಮಾಡಿ ಕೊಟ್ಟಿದ್ದು. ಅವರೂ ಅದೊಂದನ್ನೇ ನಂಬುವುದಿಲ್ಲ.

ಹಕ್ಕಿ ಕೂತರೆ ಏನೂ ಆಗಲ್ವಲ್ಲ?

ಹಕ್ಕಿ ಒಂದೇ ತಂತಿ ಮುಟ್ಟಿರುತ್ತದೆ, ನೆಲ ಮುಟ್ಟಿರುವುದಿಲ್ಲ. ನಾವು ಯಾವಾಗಲೂ ನೆಲದ ಮೇಲೆ ನಿಂತಿರುತ್ತೇವೆ.

ಕರೆಂಟ್ ಹೋದಾಗ ಬೇಗ ಮುಗಿಸಿಬಿಟ್ಟರೆ ಆಯಿತಲ್ವಾ?

ಮನೆಯಲ್ಲಿ ಕರೆಂಟ್ ಇಲ್ಲ ಅಂದರೆ ಹೊರಗಿನ ತಂತಿಯಲ್ಲೂ ಇಲ್ಲ ಅಂತ ಅರ್ಥ ಅಲ್ಲ. ನಿಮ್ಮ ಫ್ಯೂಸ್ ಹೋಗಿರಬಹುದು. ಹಳ್ಳಿ ಕಡೆ ತ್ರೀ ಫೇಸ್ ಪಾಳಿಯಲ್ಲಿ ಬರುತ್ತದೆ. ಮೋಟಾರ್ ನಿಂತಿತು ಅಂದರೆ ತ್ರೀ ಫೇಸ್ ಹೋಗಿರಬಹುದು, ಅದೇ ತಂತಿಯಲ್ಲಿ ಸಿಂಗಲ್ ಫೇಸ್ ಓಡುತ್ತಿರಬಹುದು. ಯಾರದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಅಲ್ಲಿಂದ ಹಿಂದಕ್ಕೂ ಬರಬಹುದು. ಹೋದ ಕರೆಂಟ್ ಹೇಳದೆ ಕೇಳದೆ ವಾಪಸ್ ಬರುತ್ತದೆ.

ಸರಿಯಾದ ದಾರಿ ಎಲ್‌ಸಿ. ಅಂದರೆ ಲೈನ್ ಕ್ಲಿಯರ್. ಸೆಕ್ಷನ್ ಆಫೀಸಿನಲ್ಲಿ ಮುಂಚಿತವಾಗಿ ಬರೆದು ಕೊಡಿ: ದಿನ, ಹೊತ್ತು, ಜಾಗ, ಕೆಲಸ. ಇಲಾಖೆಯ ಸಿಬ್ಬಂದಿ ಎಲ್‌ಸಿ ತೆಗೆದುಕೊಂಡು, ಸ್ವಿಚ್ ಬಿಡಿಸಿ, ಕರೆಂಟ್ ಇಲ್ಲ ಅಂತ ನೋಡಿ, ಕೆಲಸದ ಜಾಗದ ಎರಡೂ ಕಡೆ ಅರ್ತ್ ರಾಡ್ ಹಾಕುತ್ತಾರೆ. ಅರ್ತ್ ಹಾಕಿದ್ದನ್ನು ನಿಮ್ಮ ಕಣ್ಣಾರೆ ನೋಡಿ. ಮುಗಿದ ಮೇಲೆ ನಿಮ್ಮ ಕಡೆಯ ಎಲ್ಲ ಜನ, ಎಲ್ಲ ಸಾಮಾನು ಇಳಿದಿದೆ ಅಂತ ತಲೆ ಎಣಿಸಿ ಹೇಳಿ. "ಫೋನಿನಲ್ಲಿ ಲೈನ್‌ಮನ್‌ಗೆ ಹೇಳಿದ್ದೀನಿ, ಆಫ್ ಮಾಡಿರ್ತಾರೆ" ಅನ್ನುವುದು ಎಲ್‌ಸಿ ಅಲ್ಲ. ನೀವೇ ಹೋಗಿ ಟಿಸಿ ಹತ್ತಿರ ಜಿಓಎಸ್ (ಲೈನ್ ಬಿಡಿಸುವ ಸ್ವಿಚ್) ಎಳೆಯಲೇಬಾರದು.

ಲೈನ್ ಬೇರೆ ಕಡೆ ಹಾಕಿಸಬೇಕಾದರೆ ಯಾರ ಹತ್ತಿರ ಹೋಗಬೇಕು, ಖರ್ಚು ಯಾರದು?

ಲೈನ್ ಮೊದಲೇ ಇತ್ತು, ನೀವು ಈಗ ಕಟ್ಟುತ್ತೀರಿ ಅಂದರೆ ಖರ್ಚು ನಿಮ್ಮದು. ಕಟ್ಟಡ ಕಟ್ಟುವ ಮುಂಚೆ, ಇದ್ದ ಮನೆಗೆ ಮಹಡಿ ಏರಿಸುವ ಮುಂಚೆ, ವಿದ್ಯುತ್ ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಬರೆದು ತಿಳಿಸಬೇಕು ಅಂತ ನಿಯಮವೇ ಹೇಳುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ನಿಮ್ಮ ಜಿಲ್ಲೆಗೆ ಯಾವುದೋ ಅದರ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ. ಅವರು ಜಾಗ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ. ಟವರ್ ಲೈನ್ ಇದ್ದರೆ ಹೆಚ್ಚಾಗಿ ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ಗೆ ಹೋಗಬೇಕು.

ಪಾಯ ತೋಡುವ ಮುಂಚೆ ಈ ಅರ್ಜಿ ಕೊಡಿ. ಎರಡನೇ ಮಹಡಿ ಮೋಲ್ಡ್‌ಗೆ ಸೆಂಟ್ರಿಂಗ್ ಕಟ್ಟಿದ ಮೇಲೆ ನನಗೆ ಫೋನ್ ಮಾಡುವವರೇ ಜಾಸ್ತಿ. ಆಗ ಗಾರೆ ಕೆಲಸದವರು ತಂತಿಯಿಂದ ಮೂರಡಿ ದೂರದಲ್ಲಿ 40 ಅಡಿಯ ಕಂಬಿ ಮೇಲಕ್ಕೆ ಎಳೆಯುತ್ತಿರುತ್ತಾರೆ. ಮನೆ ಮುಗಿದ ಮೇಲೆ ಅಂತರ ಸರಿ ಇರಬಹುದು. ಆದರೆ ಕಟ್ಟುವ ಆರು ತಿಂಗಳು ಕಂಬಿ, ಸೆಂಟ್ರಿಂಗ್ ಶೀಟು, ಸಾರುವೆ ಬೊಂಬು ಎಲ್ಲ ಆ ಅಂತರದ ಒಳಗೇ ಓಡಾಡುತ್ತವೆ. ಕಂಬಿಯನ್ನು ಲೈನ್ ಇಲ್ಲದ ಕಡೆಯಿಂದಲೇ ಏರಿಸಿ ಅಂತ ಮೇಸ್ತ್ರಿಗೆ ಮೊದಲ ದಿನವೇ ಹೇಳಿ.

ಟವರ್ ಲೈನ್ ಕೆಳಗೆ ಶೆಡ್ ಹಾಕಬಹುದಾ?

ಆ ಲೈನಿನ ಎರಡೂ ಕಡೆ ಸೇರಿಸಿ ಕಾರಿಡಾರ್ ಅಂತ ಅಗಲ ಗೊತ್ತು ಮಾಡಿರುತ್ತಾರೆ. 66 ಕೆವಿಗೆ 18 ಮೀಟರ್, 110 ಕೆವಿಗೆ 22, 220 ಕೆವಿಗೆ 35 ಮೀಟರ್ ಆಸುಪಾಸು. ಅದರೊಳಗೆ ಕಟ್ಟಬೇಡಿ. ಗಿಡ್ಡ ಬೆಳೆ ಬೆಳೆಯಬಹುದು. ತೆಂಗು, ಸಿಲ್ವರ್ ಓಕ್ ಬೇಡ. ದೊಡ್ಡ ಲೈನ್ ಕೆಳಗೆ ಉದ್ದದ ತಂತಿ ಬೇಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಬೇಲಿಗೆ ಅಲ್ಲಲ್ಲಿ ಅರ್ತ್ ಕೊಡಿಸಿ.

ತಾರಸಿ ಮೇಲೆ ಆಮೇಲೆ ಸೇರಿಸುವ ಸಾಮಾನಿನ ಕಥೆ ಏನು?

ಸಿಂಟೆಕ್ಸ್ ಟ್ಯಾಂಕ್, ಸೋಲಾರ್, ಬಟ್ಟೆ ಒಣಗಿಸುವ ಕಂಬಿ, ಶೀಟಿನ ಮಾಡು, ಇವೆಲ್ಲ ಬಂದಾಗ ಕಟ್ಟಡದ "ಅತಿ ಎತ್ತರದ ಭಾಗ" ಬದಲಾಗುತ್ತದೆ. ಅಂತರವನ್ನು ಅಲ್ಲಿಂದ ಹೊಸದಾಗಿ ನೋಡಬೇಕು. ಟ್ಯಾಂಕಿನ ಮೇಲೆ ಹತ್ತಿ ನಿಂತು ಮುಚ್ಚಳ ತೆಗೆಯುವ ಮನುಷ್ಯನ ಎತ್ತರವನ್ನೂ ಸೇರಿಸಿ. ಲೈನ್ ಹತ್ತಿರದ ತಾರಸಿಯಲ್ಲಿ ಮಕ್ಕಳು ಗಾಳಿಪಟ ಹಾರಿಸುವುದು ಬೇಡ. ತಂತಿಗೆ ಸಿಕ್ಕಿಕೊಂಡ ಪಟ ತೆಗೆಯಲು ಕೋಲು ಹುಡುಕುವ ಮಗುವಿಗೆ ಹೊಸ ಪಟ ತಂದುಕೊಡಿ.

ತಾಗಿಯೇ ಬಿಟ್ಟರೆ ಏನು ಮಾಡಬೇಕು?

ಓಡಿ ಹೋಗಿ ಹಿಡಿಯಬೇಡಿ. ಒಬ್ಬರನ್ನು ಬಿಡಿಸಲು ಹೋಗಿ ಇನ್ನೊಬ್ಬರು ಸಾಯುವುದು ಮನೆಯವರಲ್ಲೇ ಆಗುತ್ತದೆ. ಎಚ್‌ಟಿ ಇದ್ದರೆ ಕೋಲಿನಿಂದ ತಳ್ಳುವುದೂ ಬೇಡ. ಲೈನ್ ಆಫ್ ಆಗಿದೆ ಅಂತ ಇಲಾಖೆಯಿಂದ ಖಾತ್ರಿ ಆಗುವವರೆಗೆ ಹತ್ತು ಮೀಟರ್ ದೂರ ಇರಿ, ಉಳಿದವರನ್ನೂ ತಡೆಯಿರಿ. ತಂತಿ ನೆಲಕ್ಕೆ ಬಿದ್ದಿದ್ದರೆ ನೆಲದಲ್ಲೂ ಕರೆಂಟ್ ಹರಡಿರುತ್ತದೆ. ನೀವು ಈಗಾಗಲೇ ಹತ್ತಿರ ಇದ್ದರೆ ಕಾಲು ಎತ್ತಿ ದೊಡ್ಡ ಹೆಜ್ಜೆ ಹಾಕಬೇಡಿ. ಎರಡೂ ಪಾದ ಕೂಡಿಸಿಕೊಂಡು ನೆಲಕ್ಕೆ ಉಜ್ಜುತ್ತಾ ಸರಿಯಿರಿ.

ಟ್ರ್ಯಾಕ್ಟರ್, ಲಾರಿ, ರಿಗ್ ತಂತಿಗೆ ತಾಗಿದ್ದರೆ ಒಳಗಿರುವವರು ಒಳಗೇ ಇರಬೇಕು. ಒಂದು ಕಾಲು ಗಾಡಿ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟ ಕ್ಷಣವೇ ಹೊಡೆಯುವುದು. ಬೆಂಕಿ ಹತ್ತಿ ಇಳಿಯಲೇಬೇಕು ಅಂದರೆ ಗಾಡಿ ಮುಟ್ಟದೆ, ಎರಡೂ ಕಾಲು ಜೋಡಿಸಿ ದೂರ ಹಾರಿ, ಹಾಗೇ ಉಜ್ಜುತ್ತಾ ಹೋಗಬೇಕು.

ಲೈನ್ ಆಫ್ ಆದ ಕೂಡಲೇ ಉಸಿರು ನೋಡಿ. ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು "ಏನೂ ಆಗಿಲ್ಲ" ಅಂದವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದೆಯ ಬಡಿತ ಆಮೇಲೆ ತಪ್ಪಬಹುದು, ಸುಟ್ಟಿದ್ದು ಒಳಗೆ ಇರಬಹುದು.

ಕರೆಂಟ್ ನಿಲ್ಲಿಸಲು 1912, ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಬೆಂಕಿಗೆ 112. 1912ಕ್ಕೆ ಮಾಡಿದಾಗ ಊರಿನ ಹೆಸರಿನ ಜೊತೆ ಹತ್ತಿರದ ಟಿಸಿ ನಂಬರ್ ಹೇಳಿದರೆ ಯಾವ ಲೈನ್ ಅಂತ ಅವರಿಗೆ ಬೇಗ ಸಿಗುತ್ತದೆ. ಆ ನಂಬರನ್ನು ಟಿಸಿ ಮೇಲೆ ಇಲ್ಲ ಕಂಬದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಕೆಲಸ ಶುರು ಮಾಡುವ ದಿನ ಬೆಳಗ್ಗೆಯೇ ಅದನ್ನು ನೋಡಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.